ಮೂವತ್ತೊಂದನೇ ನಿಮಿಷ

ಗೋಡೆಯ ಮೇಲಿನ ಹನ್ನೆರಡು ಪರದೆಗಳಲ್ಲಿ ಏಳನೆಯದು ಮತ್ತೆ ಕಣ್ಣು ಮಿಟುಕಿಸಿತು, ಬೆಳಿಗ್ಗೆಯಿಂದ ಅದಕ್ಕೆ ಇದೇ ಚಾಳಿ, ಒಂದು ಗುದ್ದು ಕೊಟ್ಟರೆ ಸರಿಹೋಗುತ್ತದೆ, ಈ ಕಟ್ಟಡದ ಅರ್ಧ ಯಂತ್ರಗಳು ಗುದ್ದಿನ ಮೇಲೇ ಬದುಕಿರುವುದು — ಅವಳು ಎದ್ದು ಗುದ್ದಿದಳು, ಪರದೆ ನೆಟ್ಟಗಾಯಿತು, ಗಡಿಯಾರದಲ್ಲಿ ಐದು ನಲವತ್ತೊಂದು, ಆರಕ್ಕೆ ಚಿತ್ರ ಶುರು, ನಲವತ್ತೆಂಟು ನಿಮಿಷ, ಚಾನೆಲ್ಲಿನ ಮೂವತ್ತು ವರ್ಷದ ಚರಿತ್ರೆ, ಕತ್ತರಿಸಿ ಜೋಡಿಸಿದ್ದು ಅವಳೇ, ಇಲ್ಲಿ ಕತ್ತರಿಸಿ ಜೋಡಿಸುವುದೆಲ್ಲ ಮೊದಲಿನಿಂದಲೂ ಅವಳೇ, ಮೂವತ್ತೊಂದನೇ ನಿಮಿಷದಲ್ಲಿ ಒಂದು ಸಣ್ಣ ತುಣುಕಿತ್ತು, ಒಂದೂಮುಕ್ಕಾಲು ನಿಮಿಷದ್ದು, ಮಧ್ಯಾಹ್ನ ಮೂರರವರೆಗೂ ಇತ್ತು, ಈಗಿಲ್ಲ, ಚಾನೆಲ್ ನಡೆಸುವ ಚಿಕ್ಕಮೇಡಂ ಬಂದು ನೋಡಿ ಇದನ್ನ ತೆಗೀರಿ ಎಂದರು, ಅವಳು ಆಯ್ತು ಎಂದಳು, ತೆಗೆದಳು, ಆಯ್ತು ಎಂದ ಬಾಯಿಗೆ ತಾನೇ ಒಂದು ಬಿಗಿದುಬಿಡಬೇಕು ಅನ್ನಿಸಿತು. ತೆಗೆದದ್ದು ಚಿತ್ರದಿಂದ ಅಷ್ಟೇ. ತುಣುಕಿನ ತಾಯಿ, ಹಳೇ ಟೇಪು, ಈಗ ಮೇಜಿನ ಕೆಳಗಿನ ಹಳೇ ಪ್ಲೇಯರಿನ ಹೊಟ್ಟೆಯಲ್ಲಿದೆ, ಪ್ಲೇಯರಿನ ತಂತಿ ನಾಲ್ಕನೇ ಲೈನಿನಲ್ಲಿದೆ, ಮೂವತ್ತೊಂದನೇ ನಿಮಿಷಕ್ಕೆ ನಾಲ್ಕನೇ ಗುಂಡಿ ಒತ್ತಿದರೆ ಊರಿನ ಎಲ್ಲ ಮನೆಗಳಲ್ಲೂ ಚರಿತ್ರೆ ನಿಂತು ಅದು ಓಡುತ್ತದೆ, ಒಣಗಿದ ಸೇತುವೆ, ಸೈಕಲ್ಲು, ಚಕ್ರದ ನೆರಳು — ಒತ್ತುತ್ತೇನೆ, ಎಂದುಕೊಂಡಳು, ಮೂರು ಗಂಟೆಯಿಂದ ಇದು ನೂರನೇ ಸಲವೋ ಏನೋ, ನೂರು ಸಲ ಅಂದುಕೊಂಡ ಮೇಲೂ ಮಾತು ಸವೆದಿರಲಿಲ್ಲ.

ಯಾವ ಲೈನಿನ ದೃಶ್ಯ ಊರಿಗೆ ಹೋಗಬೇಕೆಂದು ಆರಿಸುವ ಸ್ವಿಚರ್ ಮುಂದೆ ಕೂರುವವನಿಗೆ ಗುಂಡಿ ಎಂದೇ ಹೆಸರು, ಹದಿನಾಲ್ಕು ವರ್ಷದಿಂದ ಒತ್ತೀ ಒತ್ತೀ ತೋರುಬೆರಳು ಚಪ್ಪಟೆಯಾಗಿದೆ ಅಂತ ಸಿಕ್ಕಿದವರಿಗೆಲ್ಲ ತೋರಿಸಿಕೊಂಡು ತಿರುಗುತ್ತಾನೆ, ಮಾತಿಗೆ ನಿಂತರೆ ಬಿಡುವ ಪೈಕಿ ಅಲ್ಲ, ಆದರೆ ಇವತ್ತು ಬಂದವನು ಮೇಜಿನ ಕೆಳಗೆ ನೋಡಿದ, ಪ್ಲೇಯರು ನೋಡಿದ, ತಂತಿಯ ಜೊತೆ ಕಣ್ಣಲ್ಲೇ ನಡೆದುಕೊಂಡು ನಾಲ್ಕನೇ ಲೈನಿನವರೆಗೂ ಹೋಗಿ ಬಂದ, ಆಮೇಲೆ ಮೇಲಿನ ಫ್ಯಾನು ನೋಡುತ್ತಾ ಅಂದ, ಕತ್ತರಿಯಕ್ಕಾ, ಆರೂಕಾಲಿಗೆ ನಂಗೆ ಟೀ ಕುಡಿಯೋ ಮನಸ್ಸಾಗೋ ಹಾಗಿದೆ, ಅರ್ಧ ಗಂಟೆ ಬರಲ್ಲ. ನಿನ್ನ ಮನಸ್ಸೇನು ಗಡಿಯಾರ ನೋಡ್ಕೊಂಡು ಆಗುತ್ತಾ, ಎಂದಳು. ಈ ಕೆಲ್ಸದಲ್ಲಿ ಎಲ್ಲಾ ಹಾಗೇ ಅಲ್ವೇನಕ್ಕಾ. ಹೋಗು, ಆದ್ರೆ ಡ್ಯೂಟಿ ಪುಸ್ತಕದಲ್ಲಿ ಬರೆದು ಹೋಗು, ಆರೂಕಾಲಿಂದ ಸ್ವಿಚರ್ ಕತ್ತರಿ ಕೈಲಿ ಅಂತ, ಸಮಯ ಹಾಕಿ ಸಹಿ ಮಾಡು. ಅಯ್ಯೋ, ನಾವು ನಾವೇ ತಾನೇ, ಅದ್ಯಾಕೆ? ಬರೆದು ಹೋಗು ಅಂದ್ರೆ ಬರೆದು ಹೋಗು ಮಾರಾಯ, ಎಂದಳು, ದನಿ ಸ್ವಲ್ಪ ಜೋರಾಯಿತು, ಅವನು ಪೆನ್ನು ಹುಡುಕತೊಡಗಿದ — ಈ ಚಾನೆಲ್ಲಿನಲ್ಲಿ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಮನೆಗೆ ಹೋದದ್ದು ಒಂದು ಸಲ ಸಾಕು, ಎರಡನೇ ಸಲ ಆಗಗೊಡುವುದಿಲ್ಲ, ಅವಳೂ ಅವನ ಸಹಿಯ ಕೆಳಗೆ ತನ್ನ ಸಹಿ ಹಾಕಿದಳು, ದೊಡ್ಡದಾಗಿ, ಶಾಲೆಯ ಮಕ್ಕಳು ಹಾಕುವ ಹಾಗೆ ಪೂರ್ತಿ ಹೆಸರಿನಲ್ಲಿ.

ಪೂರ್ತಿ ಹೆಸರು ಇಲ್ಲಿ ಯಾರಿಗೆ ಗೊತ್ತಿದೆ, ಬಂದ ಮೊದಲ ವಾರವೇ ಕತ್ತರಿ ಆದಳು, ಆಗ ಚಾನೆಲ್ ಅಂದರೆ ಮುದ್ರಣಾಲಯದ ಮಹಡಿಯ ಎರಡು ಕೋಣೆ, ಒಂದರಲ್ಲಿ ಓದುವುದು, ಇನ್ನೊಂದರಲ್ಲಿ ಉಳಿದದ್ದೆಲ್ಲ, ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಅಂಟಿಸಿ ಸದ್ದು ಹೀರಿಸುತ್ತಿದ್ದರು, ಆದರೂ ಕೆಳಗಿನ ಮುದ್ರಣ ಯಂತ್ರದ ಧಡಧಡ ನಿಲ್ಲುತ್ತಿರಲಿಲ್ಲ, ಯಜಮಾನರು ಕೆಳಗಿಳಿದು ಮುದ್ರಕನಿಗೆ ಕೈಮುಗಿದು, ಒಂದು ಗಂಟೆಯಿಂದ ಕಾಲು ಗಂಟೆ ನಿಲ್ಸಪ್ಪಾ, ನಿನ್ನ ಕಾಗದ ಎಲ್ಲೂ ಓಡಿ ಹೋಗಲ್ಲ, ನನ್ನ ಸುದ್ದಿ ಓಡಿ ಹೋಗುತ್ತೆ, ಎಂದಿದ್ದರು, ಅವನು ಒಪ್ಪಿದ, ಊರಿನ ಆ ಬೀದಿಯಲ್ಲಿ ಯಂತ್ರ ನಿಂತಿತೆಂದರೆ ಸುದ್ದಿ ಶುರುವಾಯಿತು ಅಂತ ಜನ ಟಿವಿ ಹಾಕುತ್ತಿದ್ದರು — ಇದು ಚಿತ್ರದಲ್ಲಿದೆ, ಆರನೇ ನಿಮಿಷ, ಮುದ್ರಕನೇ ಹೇಳಿಕೊಂಡು ನಗುತ್ತಾನೆ. ಸುದ್ದಿ ಓದುವವರಿಗೆಲ್ಲ ಸೇರಿ ಒಂದೇ ಕೋಟು, ಯಜಮಾನರದ್ದು, ಬೆನ್ನ ಹಿಂದೆ ನಾಲ್ಕು ಬಟ್ಟೆ ಕ್ಲಿಪ್ಪು ಹಾಕಿದರೆ ಎಂಥ ಸಣಕಲು ಮೈಗೂ ಕೂರುತ್ತಿತ್ತು, ಮುಂದಿನಿಂದ ಮಂತ್ರಿ, ಹಿಂದಿನಿಂದ ಒಗೆದು ಹಾಕಿದ ಬಟ್ಟೆಯ ಹಗ್ಗ, ವಾಚಕಿ ಒಂದು ಸಲ ಮರೆತು ಎದ್ದು ತಿರುಗಿ ನಿಂತಳು, ಊರೆಲ್ಲ ಕ್ಲಿಪ್ಪು ನೋಡಿ ಒಂದು ವಾರ ನಕ್ಕಿತು, ಅವಳೂ ನಕ್ಕಳು, ಮರುದಿನ ಕ್ಯಾಮೆರಾ ಮುಂದೆ ಕೂತು ಮೊದಲ ವಾಕ್ಯ ಏನು ಹೇಳಿದಳು, ನಿನ್ನೆ ನೀವು ಎಣಿಸಿದ್ದು ಸ್ವಲ್ಪ ತಪ್ಪು, ಕ್ಲಿಪ್ಪು ನಾಲ್ಕೇ, ಐದಲ್ಲ. ಅಂಥವಳು. ತಪ್ಪು ಕಂಡರೆ ತಾನೇ ತಿದ್ದಿಕೊಂಡು ಓದುವವಳು, ಅದಕ್ಕೇ ಜನ ಅವಳ ದನಿ ನಂಬುತ್ತಿದ್ದದ್ದು, ಮಕ್ಕಳು ಜಗಳ ಬಂದರೆ ಟಿವಿಯಕ್ಕ ಹೇಳಿದ್ದಾಳೆ ಗೊತ್ತಾ ಅಂತ ಆಣೆ ಇಡುವ ಹಾಗೆ ಹೇಳುತ್ತಿದ್ದರು.

ಟೇಪುಗಳು ಕಡಿಮೆ, ಹದಿನೆಂಟೋ ಇಪ್ಪತ್ತೋ, ಇವತ್ತಿನ ಸುದ್ದಿಯನ್ನು ನಾಳೆ ಅಳಿಸಿ ಅದರ ಮೇಲೇ ನಾಳೆಯದನ್ನು ತುಂಬುವುದು, ಹಾಗಾಗಿ ಈ ಚರಿತ್ರೆಯ ಚಿತ್ರಕ್ಕೆ ಮೊದಲ ಹತ್ತು ವರ್ಷದ ದೃಶ್ಯ ಹುಡುಕುವಷ್ಟರಲ್ಲಿ ಅವಳಿಗೆ ಸಾಕುಬೇಕಾಯಿತು, ಊರಿನ ಹತ್ತು ವರ್ಷವನ್ನು ಅವಳೇ ತನ್ನ ಕೈಯಾರೆ ಅಳಿಸಿದ್ದಾಳೆ, ಮದುವೆಗಳು, ಬೆಂಕಿ ಬಿದ್ದ ಗೋದಾಮು, ಶಾಲೆಯ ಓಟದ ಪಂದ್ಯ, ಒಂದರ ಮೇಲೊಂದು, ಪೂರ್ತಿ ಉಳಿದದ್ದು ಯಾರೂ ಅಳಿಸಲು ಕೈಹಾಕದ ಒಂದು ಟೇಪು, ಅದರ ಬೆನ್ನಿನ ಚೀಟಿಯಲ್ಲಿ ಬಣ್ಣದ ಪಟ್ಟಿ ಎಂದು ಬರೆದಿದೆ, ಪರದೆಗಳ ಬಣ್ಣ ಸರಿ ಇದೆಯೋ ನೋಡಲು ಬಿಡುವ ಏಳು ಬಣ್ಣದ ನಿಂತ ಪಟ್ಟಿಗಳು, ಅರ್ಧ ನಿಮಿಷ ನೋಡಿ ನಿಲ್ಲಿಸುತ್ತಾರೆ, ಅದನ್ನು ಐದು ನಿಮಿಷ ನೋಡುವಷ್ಟು ಸೋಮಾರಿ ಈ ಚಾನೆಲ್ಲಿನಲ್ಲಿ ಹುಟ್ಟಿಲ್ಲ, ಅವಳಿಗೆ ಅದು ಗೊತ್ತಿತ್ತು. ಪಟ್ಟಿ ಮುಗಿದ ಮೇಲೆ ಐದನೇ ನಿಮಿಷದಿಂದ ಆ ದಿನದ ಒಂದು ಗಂಟೆಯ ಸುದ್ದಿ ಇದೆ, ಹತ್ತೊಂಬತ್ತು ವರ್ಷದಿಂದ ಇದೆ, ಪ್ರತಿ ತಿಂಗಳೂ ಯಾರಾದರೊಬ್ಬರು ಆ ಟೇಪನ್ನು ಕೈಯಲ್ಲಿ ಹಿಡಿದು, ಯಂತ್ರಕ್ಕೆ ಹಾಕಿ, ತೆಗೆದು, ಮತ್ತೆ ಕಪಾಟಿನಲ್ಲಿಡುತ್ತಿದ್ದರು, ಅವಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.

ಆ ದಿನ, ಬೆಳಿಗ್ಗೆಯೇ ಕತ್ತಲು, ಮೂರು ದಿನದಿಂದ ಮಳೆ, ನದಿ ಏರಿತ್ತು, ಊರಿನ ಎರಡು ಭಾಗಕ್ಕೂ ಇದ್ದದ್ದು ಒಂದೇ ಹಳೇ ಸೇತುವೆ, ಕ್ಯಾಮೆರಾದವನು ಒಂಬತ್ತಕ್ಕೆ ದಡದ ಅಂಗಡಿಯೊಂದರಿಂದ ಫೋನ್ ಮಾಡಿ, ಗಾಡಿಗಳು ಓಡಾಡ್ತಿವೆ, ನೀರು ಇನ್ನೂ ಎರಡಾಳು ಕೆಳಗಿದೆ, ಎಂದ, ಅದೇ ಕೊನೆ, ಹತ್ತರ ಮೇಲೆ ಫೋನುಗಳೆಲ್ಲ ಸತ್ತವು, ಅವನೂ ಬರಲಿಲ್ಲ, ಅವನ ಟೇಪೂ ಬರಲಿಲ್ಲ, ಹನ್ನೊಂದೂವರೆಗೆ ಸೇತುವೆ ಮುಚ್ಚಿದ್ದು ಇಲ್ಲಿ ಯಾರಿಗೂ ಗೊತ್ತಿಲ್ಲ, ಯಜಮಾನರು ಒದ್ದೆ ಕೋಟಿನಲ್ಲಿ ಬಾಗಿಲಿಗೆ ಬಂದು, ಸೇತುವೆ ದೃಶ್ಯ ಬೇಕೇ ಬೇಕು, ಊರಿಗೆ ಊರೇ ಅದನ್ನೇ ಕೇಳ್ತಿದೆ, ಏನಾದ್ರೂ ಮಾಡು, ಎಂದರು. ಏನಾದ್ರೂ ಮಾಡು. ಅವಳು ಮಾಡಿದಳು. ಹಿಂದಿನ ವರ್ಷ ಸೇತುವೆಗೆ ಹೊಸ ಬಣ್ಣ ಬಳಿದಾಗ ತೆಗೆದ ಟೇಪು ಅದೃಷ್ಟಕ್ಕೋ ದುರದೃಷ್ಟಕ್ಕೋ ಅಳಿಸದೆ ಉಳಿದಿತ್ತು, ಹನ್ನೆರಡು ಸೆಕೆಂಡಿನ ಒಂದು ದೃಶ್ಯ, ಜನ ನಡೆಯುತ್ತಾರೆ, ಒಬ್ಬ ಸೈಕಲ್ಲಿನವನು ಎಡದಿಂದ ಬಲಕ್ಕೆ ನಿಧಾನ ಹೋಗುತ್ತಾನೆ, ಅಷ್ಟೇ, ಹಾಕಿದಳು. ಹಳೇ ದೃಶ್ಯ ಹಾಕುವುದು ತಪ್ಪಲ್ಲ, ಎಲ್ಲ ಚಾನೆಲ್ಲಿನಲ್ಲೂ ಹಾಕುತ್ತಾರೆ, ಮೂಲೆಯಲ್ಲಿ ಸಂಗ್ರಹ ದೃಶ್ಯ ಅಂತ ಎರಡು ಪದ ಇರಬೇಕು, ಆದರೆ ಹಿಂದಿನ ವಾರ ತಾನೇ ಯಜಮಾನರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಹಳಸಲು ಅಂತ ನಾವೇ ಬೋರ್ಡ್ ನೇತು ಹಾಕ್ಕೊಂಡ್ರೆ ಗಿರಾಕಿ ಪಕ್ಕದಂಗಡಿಗೆ ಹೋಗ್ತಾನೆ, ಇನ್ಮೇಲೆ ಆ ಎರಡು ಪದ ನನ್ನ ಪರದೆ ಮೇಲೆ ಕಂಡ್ರೆ ಹುಷಾರ್, ಎಂದಿದ್ದರು, ಅವಳು ಆ ಎರಡು ಪದ ಹಾಕಲಿಲ್ಲ. ಜಾಹೀರಾತು ಓಡುತ್ತಿರುವಾಗ ವಾಚಕಿ ಸ್ಟುಡಿಯೊದಿಂದ ಕೇಳಿದಳು, ಸೇತುವೇದು ಇವತ್ತಿಂದೇನೇ? ಕಾಗದದಿಂದ ತಲೆ ಎತ್ತಿ, ಗಾಜಿನಾಚೆಯಿಂದ ನೇರ ಅವಳ ಕಣ್ಣಿಗೇ ನೋಡಿ ಕೇಳಿದಳು, ಇವತ್ತಿಂದೇನೇ? ಅವಳು ಮೈಕಿನ ಗುಂಡಿ ಒತ್ತಿ ವಾಚಕಿಯ ಕಿವಿಗೆ ಒಂದೇ ಮಾತು ಹೇಳಿದಳು, ಹೂಂ.

ಹೂಂ. ಅಷ್ಟೇ. ವಾಚಕಿ ಓದಿದಳು, ಹಳೇ ಸೇತುವೆಯ ಮೇಲೆ ಸಂಚಾರ ಎಂದಿನಂತೆ ನಡೆದಿದೆ, ತನ್ನ ನಂಬಿಕಸ್ಥ ದನಿಯಲ್ಲಿ, ಸೈಕಲ್ಲು ಎಡದಿಂದ ಬಲಕ್ಕೆ ಹೋಯಿತು, ಬೇಕರಿಯವನು ಅಂಗಡಿಯ ಗಲ್ಲಾದ ಮೇಲಿದ್ದ ಸಣ್ಣ ಟಿವಿಯಲ್ಲಿ ನೋಡಿದ, ಆಚೆ ದಡದ ಮನೆಯಲ್ಲಿ ಅವನ ತಾಯಿ ಒಬ್ಬರೇ, ಹೆಂಡತಿಗೆ, ಅಮ್ಮನ್ನ ಕರ್ಕೊಂಡು ಬಂದ್ಬಿಡ್ತೀನಿ, ದಾರಿ ಇದೆಯಂತೆ, ಎಂದ, ಹೆಂಡತಿಯ ತಮ್ಮನನ್ನು ಜೊತೆಗೆ ಕೂರಿಸಿಕೊಂಡು ಬ್ರೆಡ್ಡಿನ ವ್ಯಾನಿನಲ್ಲಿ ಹೊರಟ, ಸೇತುವೆಯ ಈ ಬಾಯಿಗೆ ಎರಡು ಡ್ರಮ್ಮು ಅಡ್ಡ ಇಟ್ಟಿದ್ದರು, ಅಲ್ಲಿದ್ದವರು ಬೇಡ ಎಂದರು, ಈಗ ತಾನೇ ಟಿವಿಲಿ ತೋರಿಸಿದ್ರಲ್ಲ, ನಾನೇ ಕಣ್ಣಾರೆ ನೋಡಿ ಬಂದೆ, ಎಂದನಂತೆ, ಡ್ರಮ್ಮನ್ನು ತಾನೇ ಪಕ್ಕಕ್ಕೆ ಉರುಳಿಸಿದನಂತೆ. ಎರಡು ಇಪ್ಪತ್ತಕ್ಕೆ ವ್ಯಾನಿನ ಸಮೇತ ನಡುವಿನ ಕಮಾನು ಹೋಯಿತು. ಮೂರನೇ ದಿನ ಅವನ ಹೆಂಡತಿ ಚಾನೆಲ್ಲಿನ ಮೆಟ್ಟಿಲು ಹತ್ತಿ ಬಂದಳು, ಅತ್ತಿರಲಿಲ್ಲ, ಕೂಗಾಡಲಿಲ್ಲ, ಸೇತುವೆ ತೆರೆದಿದೆ ಅಂತ ಹೇಳಿದೋರು ಯಾರು, ಅಷ್ಟನ್ನೇ ಕೇಳಿದಳು, ಯಜಮಾನರ ಕೈ ನಿಧಾನ ಎದ್ದಿತು, ಬೆರಳು ವಾಚಕಿಯ ಕಡೆ ತಿರುಗಿತು, ಓದಿದ್ದು ಇವ್ರು, ಎಂದರು, ಅದು ಸುಳ್ಳಲ್ಲ, ಓದಿದ್ದು ಅವಳೇ, ಅದೇ ಅದರ ಕೆಟ್ಟತನ, ವಾಚಕಿ ತಿರುಗಿ ಬಾಗಿಲಲ್ಲಿ ನಿಂತಿದ್ದ ಕತ್ತರಿಯನ್ನು ನೋಡಿದಳು, ಬಾಗಿಲಲ್ಲಿ ನಿಂತವಳ ಕೈಯಲ್ಲಿ ಟೇಪಿತ್ತು, ಬಾಯಲ್ಲಿ ನಾಲಿಗೆ ಇತ್ತು, ಅಲುಗಲಿಲ್ಲ. ಮನೆಯಲ್ಲಿ ಮೂರು ತಿಂಗಳ ಕೂಸು, ಗಂಡನಿಗೆ ಆಗ ಕೆಲಸವಿರಲಿಲ್ಲ, ಈ ನೆಪಗಳನ್ನೆಲ್ಲ ಹತ್ತೊಂಬತ್ತು ವರ್ಷ ತಿರುವಿ ಹಾಕಿದ್ದಾಳೆ, ಒಂದೂ ನಿಲ್ಲುವುದಿಲ್ಲ, ಕೂಸು ಈಗ ಕಾಲೇಜಿನಲ್ಲಿದೆ, ನೆಪ ಇನ್ನೂ ತೊಟ್ಟಿಲಲ್ಲೇ ಇದೆ. ವಾಚಕಿಯನ್ನು ಅವತ್ತೇ ಸಂಜೆ ಮನೆಗೆ ಕಳಿಸಿದರು, ಅವಳ ಹೆಸರಿಗೆ ಊರೆಲ್ಲ ಮಸಿ ಬಳಿಯಿತು, ಕತ್ತರಿಯಮ್ಮಾ, ಆ ದಿನದ ಟೇಪು ಅಳಿಸಿಬಿಡು ಎಂದರು ಯಜಮಾನರು, ಅವಳು ಆಯ್ತು ಎಂದಳು, ಬಣ್ಣದ ಪಟ್ಟಿಯ ಬಾಲಕ್ಕೆ ಅದನ್ನು ಇಳಿಸಿ, ಆಮೇಲೆ ಅಳಿಸಿದಳು, ಅವಳು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಅದು, ಅದೂ ಕದ್ದು.

ಐದು ಐವತ್ತೆಂಟು, ಕೆಳಗಿನ ಸಭಾಂಗಣದಲ್ಲಿ ಕುರ್ಚಿ ಎಳೆಯುವ ಸದ್ದು, ಮೂರನೇ ಪರದೆಯಲ್ಲಿ ಅತಿಥಿಗಳು ಕಾಣುತ್ತಾರೆ, ಮೊದಲ ಸಾಲಿನಲ್ಲಿ ಯಜಮಾನರು, ಎಂಬತ್ತಾಯಿತು, ಗಾಲಿಕುರ್ಚಿ, ಅವರ ಬೆನ್ನಿಗೆ ದಿಂಬು ಸರಿಮಾಡುತ್ತಿರುವವರು ಮಗಳು, ಚಿಕ್ಕಮೇಡಂ, ಈಗ ಚಾನೆಲ್ ನಡೆಸುವವರು, ಕೆಟ್ಟವರಲ್ಲ, ಮೇಡಂ ಕೆಟ್ಟವರಾಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು. ಮಧ್ಯಾಹ್ನ ಅವರು ತುಣುಕು ನೋಡಿ, ಅದು ಹಳೇ ದೃಶ್ಯ ಎಂದು ಅವಳು ಬಿಡಿಸಿ ಹೇಳಿದ್ದು ಕೇಳಿ, ಮುಖ ಬಿಳಿಚಿಕೊಂಡು ಕೂತರು, ಇದು ನಿಜಾನಾ ಎಂದು ಕೇಳಿದರು, ನಿಜ ಮೇಡಂ, ಅಪ್ಪಂಗೆ ಗೊತ್ತಿತ್ತಾ, ಗೊತ್ತಿತ್ತು ಮೇಡಂ. ಅವ್ರಿಗೆ ಇನ್ನೆಷ್ಟು ದಿನವೋ ಏನೋ, ಈಗ ಬೇಡ, ತೆಗೀರಿ, ಎಂದರು. ಹಾಗಾದ್ರೆ ಅದಕ್ಕೆ ಮುಂಚೆ ಯಜಮಾನರು ಹೇಳೋ ಮಾತನ್ನೂ ತೆಗೀತೀನಿ, ಎರಡೂ ಇರೋದು ಬೇಡ. ಅಪ್ಪನ ಮಾತು ಕತ್ತರಿಸೋಕಾಗಲ್ಲ. ಮೂವತ್ತನೇ ನಿಮಿಷದ ಕೊನೆಯಲ್ಲಿ ಯಜಮಾನರು ಹೊಸ ಕೋಟು ಹಾಕಿಕೊಂಡು ಹೇಳುತ್ತಾರೆ, ಮೂವತ್ತು ವರ್ಷದಲ್ಲಿ ಒಂದೇ ಒಂದು ತಪ್ಪು ಸುದ್ದಿ ಹೋಯ್ತು, ಅದೂ ಓದಿದವರ ಅವಸರದಿಂದ, ಅವರನ್ನ ಅವತ್ತೇ ಕೆಲಸದಿಂದ ತೆಗೆದ್ವಿ. ಈ ಮಾತಿನ ಬೆನ್ನಿಗೇ ಅವಳು ತುಣುಕು ಇಟ್ಟಿದ್ದು, ಈಗ ಮಾತಷ್ಟೇ ಉಳಿದಿದೆ, ಅವಳೇ ಕತ್ತರಿಸಿ, ಅವಳೇ ಜೋಡಿಸಿ, ಅವಳದೇ ಕೈಯಿಂದ ವಾಚಕಿಗೆ ಎರಡನೇ ಸಲ ಮಸಿ, ಅದೂ ಚರಿತ್ರೆ ಅಂತ ಹೆಸರಿಟ್ಟು, ನಾಳೆಯಿಂದ ಶಾಲೆಗಳಿಗೆಲ್ಲ ಇದರ ಪ್ರತಿ ಹೋಗುತ್ತದೆ — ಆಗುವುದಿಲ್ಲ, ಆಗಗೊಡುವುದಿಲ್ಲ, ಆರು, ಚಿತ್ರ ಶುರುವಾಯಿತು, ಸಂಗೀತ ಕೊಂಚ ಜೋರಾಯಿತು, ಗುಂಡಿ ಕೈಚಾಚಿ ತಗ್ಗಿಸಿದ.

ಮೊಟ್ಟೆ ಟ್ರೇಯ ಗೋಡೆ ಬಂತು, ಕೆಳಗೆ ಜನ ನಕ್ಕರು, ಮುದ್ರಕ ಬಂದ, ಕೋಟು ಬಂತು, ಕೋಟಿನೊಳಗೆ ವಾಚಕಿ ಎರಡೇ ಸೆಕೆಂಡು ಬಂದು ಹೋದಳು, ಯಾವುದೋ ಮದುವೆಯ ಟೇಪಿನ ತುದಿಯಲ್ಲಿ ಸಿಕ್ಕಿದ್ದು, ಊರು ಅವಳ ಮುಖ ಮರೆತಿದೆ, ದನಿ ಮಾತ್ರ ದಿನಾ ಕೇಳುತ್ತದೆ, ಕೇಳುತ್ತಿರುವುದು ಅವಳನ್ನೇ ಅಂತ ಗೊತ್ತಿಲ್ಲ, ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಯಾವ ಕಟ್ಟೆಗೆ ಎಂದು ಹೇಳುವವಳು ಅವಳೇ, ಅವಳು ಆರನೇ ಕಟ್ಟೆ ಎಂದರೆ ಐನೂರು ಜನ ಗಂಟುಮೂಟೆ ಎತ್ತಿಕೊಂಡು ಆರನೇ ಕಟ್ಟೆಗೆ ಓಡುತ್ತಾರೆ, ಒಬ್ಬರೂ ಅನುಮಾನಪಡುವುದಿಲ್ಲ. ನಿನ್ನೆ ಕತ್ತರಿ ವಾಚಕಿಯ ಗೂಡಿನಂಥ ಕೋಣೆಗೆ ಹೋದಳು, ಒಂದು ಕುರ್ಚಿ, ಒಂದು ಮೈಕು, ಗಾಜಿಗೆ ಅಂಟಿಸಿದ ವೇಳಾಪಟ್ಟಿ, ವಾಚಕಿಯ ಕೂದಲು ಬೆಳ್ಳಗಾಗಿದೆ, ಅವಳನ್ನು ನೋಡಿ ಮೈಕು ಆರಿಸಿ, ಬಾ ಕತ್ತರಿ, ದಾರಿ ತಪ್ಪಿ ಬಂದ್ಯಾ, ಎಂದಳು, ಅವಳು ಎಲ್ಲ ಹೇಳಿದಳು, ಬಣ್ಣದ ಪಟ್ಟಿ, ಟೇಪು, ಚಿತ್ರ, ಕ್ಷಮಿಸು ಎಂಬ ಪದ ಬಾಯಿಗೆ ಬಂದಾಗ ವಾಚಕಿ ಕೈ ಎತ್ತಿ ತಡೆದಳು, ಕ್ಷಮೆ ಗಿಮೆ ನಂಗ್ಯಾಕೆ, ಮನೇಲಿಟ್ಕೊಂಡು ಏನ್ ಮಾಡ್ಲಿ, ಆ ಹೂಂ ಇದ್ಯಲ್ಲ, ಅದನ್ನ ವಾಪಸ್ ತಗೋ, ನಂಗೆ ಕೇಳ್ಸೋ ಹಾಗಲ್ಲ, ಅವತ್ತೂ ನಂಗೊಬ್ಬಳಿಗೇ ತಾನೇ ಕೇಳ್ಸಿದ್ದು. ನಡುವೆ ಎರಡು ಬಸ್ಸು ಬಂದವು, ಎರಡಕ್ಕೂ ಮೈಕು ಹಾಕಿ ಕಟ್ಟೆ ಹೇಳಿದಳು, ದನಿ ಒಂದಿಷ್ಟೂ ಕದಲಲಿಲ್ಲ, ಕೈ ಮಾತ್ರ ವೇಳಾಪಟ್ಟಿಯ ಅಂಚು ಸುಲಿಯುತ್ತಿತ್ತು.

ಇವತ್ತು ಬೆಳಿಗ್ಗೆ ಗಂಡ ಹಲ್ಲುಜ್ಜುತ್ತಾ, ರಾತ್ರಿ ಮತ್ತೆ ಹೂಂ ಹೂಂ ಅಂತಿದ್ದೆ, ನಾನು ಏನೋ ಕೇಳಿದ್ದಕ್ಕೆ ಒಪ್ಕೊಂಡೆ ಅಂತ ಖುಷಿಪಟ್ಟೆ, ಎಂದ, ಅವನ ತಮಾಷೆ ಹಾಗೇ, ಆಮೇಲೆ ಬಾಯಿ ತೊಳೆದು ಹತ್ತಿರ ಬಂದು, ಹೇಳ್ಬಿಡು ಮಾರಾಯ್ತಿ, ಕೆಲಸ ಹೋದ್ರೆ ಹೋಗ್ಲಿ, ನಿದ್ದೆ ಆದ್ರೂ ಬರುತ್ತೆ ಇಬ್ಬರಿಗೂ, ಎಂದ. ಅಲ್ಲಿಂದ ನೇರ ಬೇಕರಿಗೆ ಹೋದಳು, ಬೇಕರಿಯವನ ಹೆಂಡತಿ ಈಗಲೂ ಅಂಗಡಿ ನಡೆಸುತ್ತಾಳೆ, ಗಲ್ಲಾದ ಮೇಲೆ ಟಿವಿ ಇದ್ದ ಜಾಗದಲ್ಲಿ ಖಾಲಿ ಹಲಗೆ, ಅವಳು ಬ್ರೆಡ್ಡು ಕತ್ತರಿಸುತ್ತಿದ್ದಳು, ಹೇಳುತ್ತಾ ಹೋದಂತೆ ಚಾಕು ನಿಂತಿತು, ಇಡೀ ಮಾತು ಮುಗಿಯುವವರೆಗೂ ಬ್ರೆಡ್ಡಿನಲ್ಲೇ ನಿಂತಿತ್ತು, ಓದಿದೋರಲ್ವಾ ಹಾಗಾದ್ರೆ, ಎಂದಳು, ಅಲ್ಲ, ನಾನು, ಎಂದಳು ಇವಳು, ಬೈಗುಳ ಬರುತ್ತದೆ ಎಂದು ನಿಂತಳು, ಬರಲಿಲ್ಲ, ನಂಗೆ ಹೇಳಿದ್ರೆ ಏನಾಯ್ತು, ಆವತ್ತು ಟಿವಿಲಿ ತಾನೇ ಹೇಳಿದ್ದು, ಟಿವಿಲೇ ಹೇಳಿ. ಮತ್ತೆ ಚಾಕು ಆಡಿತು. ಅವಳು ಅಂಗಡಿಯಿಂದ ಇಳಿದು ಬರುವಾಗ ತಲೆಯೊಳಗೆ ಎಲ್ಲವೂ ತಿಳಿಯಾಗಿತ್ತು, ಎಲ್ಲಿ ಹೇಳಬೇಕು, ಯಾರಿಗೆ, ಯಾವಾಗ.

ಆರು ಹದಿನಾಲ್ಕಕ್ಕೆ ಗುಂಡಿ ಎದ್ದ, ಟೀಗೆ, ಎಂದ, ಬಾಗಿಲವರೆಗೂ ಹೋದವನು ತಿರುಗಿ ಬಂದು ನಾಲ್ಕನೇ ಗುಂಡಿಯ ಮೇಲಿನ ಧೂಳನ್ನು ಅಂಗಿಯ ತುದಿಯಿಂದ ಒರೆಸಿ ಹೋದ, ಪುಣ್ಯಾತ್ಮ. ಅವಳು ಒಳಗಿನಿಂದ ಚಿಲಕ ಹಾಕಿದಳು, ಈಗ ಕೋಣೆಯಲ್ಲಿ ಅವಳೊಬ್ಬಳೇ, ಇಪ್ಪತ್ತೆರಡನೇ ನಿಮಿಷ, ಹೊಸ ಕಟ್ಟಡದ ಉದ್ಘಾಟನೆ, ಮೈಕು ಪರೀಕ್ಷೆ ಮಾಡಿದಳು, ಸ್ಟುಡಿಯೊಗೆ ಹೋಗುವ ಗುಂಡಿ ಬೇರೆ, ಊರಿಗೆ ಹೋಗುವ ಗುಂಡಿ ಬೇರೆ, ಇವತ್ತು ಊರಿನದು — ಟೇಪಿನಲ್ಲಿ ಹೂಂ ಇಲ್ಲ, ವಾಚಕಿಯ ಕಿವಿಗೆ ಹೋದ ಮಾತು ಯಾವ ಟೇಪಿಗೂ ಇಳಿಯುವುದಿಲ್ಲ, ಸಾಕ್ಷಿ ಅಂತ ಇರುವುದು ಅವಳ ಬಾಯಿ ಒಂದೇ, ಇಪ್ಪತ್ತಾರು, ಏನು ಹೇಳುವುದು ಎಂದು ಚೀಟಿ ಬರೆದುಕೊಂಡಿದ್ದಾಳೆ, ನಾಲ್ಕು ಸಾಲು, ಆದರೆ ಚೀಟಿಯಲ್ಲಿ ಒಂದು ಸಾಲು ಕಡಿಮೆ ಇದೆ, ಅದು ಅವಳಿಗೆ ಗೊತ್ತು, ನಿನ್ನೆ ವಾಚಕಿಗೂ ಹೇಳಿಲ್ಲ, ಬೆಳಿಗ್ಗೆ ಬೇಕರಿಯಲ್ಲೂ ಹೇಳಿಲ್ಲ, ಗಂಡನಿಗಂತೂ ಕನಸಿನಲ್ಲೂ ಹೇಳಿಲ್ಲ, ಅವಸರದಲ್ಲಿ ಆಯಿತು, ನೋಡಲಿಲ್ಲ, ಎರಡು ಪದ ಬಿಟ್ಟುಹೋಯಿತು, ಇದೇ ಅವಳ ಕಥೆ, ಹತ್ತೊಂಬತ್ತು ವರ್ಷ ತನಗೆ ತಾನೇ ಹೇಳಿಕೊಂಡದ್ದೂ ಇದೇ, ಆದರೆ ನೋಡಿದ್ದಳು. ನೋಡಿದ್ದಳು. ಆ ದಿನ ಹನ್ನೆರಡೂವರೆಗೆ ಹಳೇ ದೃಶ್ಯ ಪರದೆಗೆ ಬಂದಾಗ ಮೊದಲು ಕಣ್ಣಿಗೆ ಹೊಡೆದದ್ದೇ ಬಿಸಿಲು, ಹೊಸ ಬಣ್ಣದ ಕಂಬಿಗಳು ಫಳಫಳ, ಕಿಟಕಿಯಾಚೆ ಊರು ಕಪ್ಪಗೆ ಸುರಿಯುತ್ತಿದೆ, ಇಲ್ಲಿ ಬಿಸಿಲು, ಯಾರಾದರೂ ಕಂಡುಹಿಡಿಯುತ್ತಾರೆ ಎನ್ನಿಸಿತು, ನಿಲ್ಲಿಸಲಿಲ್ಲ, ಬಣ್ಣದ ತಿರುಪು ತಿರುಗಿಸಿದಳು, ಬೆಳಕಿನ ತಿರುಪು ತಿರುಗಿಸಿದಳು, ನೀಲಿ ಆಕಾಶ ಬೂದಿಯಾಯಿತು, ಕಂಬಿ ಬೂದಿಯಾಯಿತು, ಜನ ಮಳೆಯ ಜನರಾದರು, ಕೈ ಎಷ್ಟು ಚೆನ್ನಾಗಿ ಕೆಲಸ ಮಾಡಿತು, ಆ ಕ್ಷಣ ತನ್ನ ಕೈಯ ಮೇಲೆ ಅವಳಿಗೆ ಹೆಮ್ಮೆಯೇ ಆಗಿತ್ತು, ಹೌದು, ಹೆಮ್ಮೆ, ಅದನ್ನೂ ಒಪ್ಪಿಕೊಳ್ಳಬೇಕು, ನಾಚಿಕೆಗೇಡು, ಒಂದೇ ಒಂದನ್ನು ತಿರುಪಿನಿಂದ ಅಳಿಸಲು ಬರಲಿಲ್ಲ, ಸೈಕಲ್ ಚಕ್ರದ ನೆರಳು, ಒಣ ನೆಲದ ಮೇಲೆ ಕಡ್ಡಿ ಕಡ್ಡಿಯಾಗಿ ತಿರುಗುತ್ತಿತ್ತು, ಊರಿನಲ್ಲಿ ಯಾವ ವಸ್ತುವಿಗೂ ಮೂರು ದಿನದಿಂದ ನೆರಳಿರಲಿಲ್ಲ, ಯಾರು ನೋಡ್ತಾರೆ ಬಿಡು, ಎಂದುಕೊಂಡಳು. ಚೀಟಿ ತೆಗೆದು ಐದನೇ ಸಾಲು ಬರೆದಳು, ಪೆನ್ನು ಒತ್ತಿ ಬರೆದಳು, ಕಾಗದ ಕೊಂಚ ಹರಿಯಿತು.

ಇಪ್ಪತ್ತೊಂಬತ್ತು, ಟೇಪನ್ನು ಐದನೇ ನಿಮಿಷಕ್ಕೆ ಓಡಿಸಿ ನಿಲ್ಲಿಸಿದಳು, ಏಳು ಬಣ್ಣಗಳು ಸರ್ರನೆ ಹೋಗಿ ವಾಚಕಿಯ ಮುಖ ಬಂತು, ಕೋಟಿನೊಳಗೆ, ಮೂವತ್ತಾರು ವರ್ಷದ ಮುಖ, ಮೂರನೇ ಪರದೆಯಲ್ಲಿ ಕೆಳಗೆ ಯಜಮಾನರು ತಮ್ಮನ್ನು ತಾವೇ ನೋಡುತ್ತಾ ಕೂತಿದ್ದಾರೆ, ಚಿಕ್ಕಮೇಡಂ ಅವರ ಕೈ ಹಿಡಿದಿದ್ದಾರೆ, ಪಾಪ ಅನ್ನಿಸಿತು, ಅನ್ನಿಸಲಿ, ಪಾಪ ಅನ್ನಿಸಿದರೂ ಒತ್ತಬಹುದು, ಬೇಕರಿಯ ಹಲಗೆ ಖಾಲಿ, ಅವಳು ನೋಡುವುದಿಲ್ಲ, ಯಾರೋ ಓಡಿ ಹೋಗಿ ಹೇಳುತ್ತಾರೆ, ಬಸ್ ನಿಲ್ದಾಣದಲ್ಲಿ ಟಿವಿ ಇದೆ, ವಾಚಕಿಯ ಗಾಜಿನ ಎದುರಿಗೇ ಇದೆ, ಮೂವತ್ತು, ಒಂದೇ ಒಂದು ತಪ್ಪು ಸುದ್ದಿ ಹೋಯ್ತು, ಯಜಮಾನರು ಹೇಳುತ್ತಿದ್ದಾರೆ, ಅದೂ ಓದಿದವರ ಅವಸರದಿಂದ, ಅವರನ್ನ ಅವತ್ತೇ — ಒತ್ತಿದಳು. ಬೆರಳಿಗೆ ಏನೂ ಗೊತ್ತಾಗಲಿಲ್ಲ, ಅಷ್ಟು ಹಗುರ, ಹೊಸ ಕೋಟು ಮಾಯವಾಗಿ ಹಳೇ ಕೋಟು ಬಂತು, ವಾಚಕಿ ಕಿವಿಯ ತಂತಿ ಸರಿಮಾಡಿಕೊಂಡು ತಲೆಯಾಡಿಸಿದಳು, ಅದು ಹೂಂ ಕೇಳಿದ ಮರುಗಳಿಗೆ, ಊರು ನೋಡುತ್ತಿದೆ, ಮೈಕು ತೆರೆದಳು, ಚೀಟಿ ಕೈಯಲ್ಲಿತ್ತು, ಚೀಟಿ ನೋಡಲಿಲ್ಲ, ನಾನು ಇಲ್ಲಿ ಎಡಿಟಿಂಗ್ ಮಾಡೋಳು, ಕತ್ತರಿ ಅಂತಾರೆ, ಸೇತುವೆ ದೃಶ್ಯ ಇವತ್ತಿಂದಾ ಅಂತ ಓದೋರು ಕೇಳಿದ್ರು, ಕೇಳಿಯೇ ಓದಿದ್ರು, ಹೂಂ ಅಂದೋಳು ನಾನು, ಅವರದು ತಪ್ಪಿಲ್ಲ, ಇದು ಹಿಂದಿನ ವರ್ಷದ ದೃಶ್ಯ, ಅದು ನಂಗೆ ಗೊತ್ತಿತ್ತು, ಬಿಸಿಲು ಕಾಣಬಾರದು ಅಂತ ಬಣ್ಣ ಇಳಿಸಿದ್ದೂ ನಾನೇ, ಬೇಕರಿಯವರು ಇದನ್ನ ನೋಡಿ ಹೋದ್ರು — ಮೂರನೇ ಪರದೆಯಲ್ಲಿ ಕುರ್ಚಿಗಳು ಕದಲಿದವು, ಯಾರೋ ಎದ್ದರು, ಮೇಜಿನ ಫೋನು ಹೊಡೆದುಕೊಳ್ಳತೊಡಗಿತು, ಮೆಟ್ಟಿಲ ಮೇಲೆ ಹೆಜ್ಜೆ, ಬಾಗಿಲಿಗೆ ಬಡಿತ, ಕತ್ತರಿಯವ್ರೇ, ಕತ್ತರಿಯವ್ರೇ, ಚಿಕ್ಕಮೇಡಂ ದನಿ, ಇನ್ನೂ ಒಂದು ಮಾತಿದೆ, ನೆಲ ನೋಡಿ, ಎಂದಳು ಮೈಕಿನಲ್ಲಿ, ದಯವಿಟ್ಟು ಎಲ್ಲರೂ ಸೇತುವೆ ನೆಲ ನೋಡಿ, ಸೈಕಲ್ಲಿನವನು ಎಡದಿಂದ ಬಂದ, ಅವಳು ಪ್ಲೇಯರಿನ ಗುಂಡಿಗೆ ಕೈಹಾಕಿ ಚಿತ್ರ ನಿಲ್ಲಿಸಿದಳು, ಬಡಿತ, ಫೋನು, ಹನ್ನೆರಡು ಪರದೆಗಳಲ್ಲಿ ಒಂದರಲ್ಲಿ, ಊರಿನ ಎಲ್ಲ ಮನೆಗಳಲ್ಲಿ, ಬೂದು ಆಕಾಶದ ಕೆಳಗೆ, ಒಣ ನೆಲದ ಮೇಲೆ, ಚಕ್ರದ ನೆರಳು, ಒಂದೊಂದು ಕಡ್ಡಿಯೂ ಎಣಿಸುವಷ್ಟು ಸ್ಪಷ್ಟ, ಚಕ್ರದ ನೆರಳು, ನಿಂತಿದೆ, ನೆರಳು